ಕೆಂಪು ಗೆರೆ ಮುಟ್ಟಿದ ಮುಳ್ಳು

ನಮ್ಮ ಸಿಂಧು ರಾಜ್ಯದ ಸೈಕಲ್ ತಂಡಕ್ಕೆ ಆಯ್ಕೆಯಾದಳು! ಇವತ್ತು ಬೆಳಗ್ಗೆ ತಿಂಡಿ ಹೊತ್ತಿಗೆ ಫೋನು ಬಂತು. ನಾನು ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಮೊಮ್ಮಗಳು ಫೋನನ್ನು ಕಿವಿಯಿಂದ ತೆಗೆದು "ಅಜ್ಜೀ..." ಅಂದಳು. ಅವಳ ಮುಖ ನೋಡಿದರೆ ಸಾಕಾಗಿತ್ತು. ನಾನು ಎದ್ದ ರಭಸಕ್ಕೆ ಮಡಿಲಲ್ಲಿದ್ದ ಕಾಳೆಲ್ಲ ಮನೆ ತುಂಬ ಉರುಳಿದವು. ಉರುಳಲಿ ಬಿಡಿ, ಕಾಳು ಮತ್ತೆ ಸಿಗುತ್ತದೆ.

ಅರಸೀಕೆರೆಯ ನಮ್ಮ ಬೀದಿಯಲ್ಲಿ ನಾನು ಈ ಸುದ್ದಿ ಹೇಳದೆ ಬಿಟ್ಟವರು ಯಾರೂ ಇಲ್ಲ. ಗ್ಯಾಸ್ ಸಿಲಿಂಡರ್ ತಂದ ಹುಡುಗನಿಗೂ ಹೇಳಿದೆ. "ಯಾವ ಸೈಕಲ್ ಅಜ್ಜಿ, ಲೇಡೀಸ್ ಸೈಕಲ್ಲಾ?" ಅಂತ ನಕ್ಕ. "ನಿನ್ನ ಆಟೋನೇ ಹಿಂದೆ ಹಾಕೋ ಅಂಥ ಸೈಕಲ್ ಕಣಪ್ಪ" ಅಂದೆ. ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ನಾನು ಓದಿದ್ದು ಕಡಿಮೆ. ಆದರೂ ಇವತ್ತು ಬರೆದೇ ತೀರಬೇಕು ಅನ್ನಿಸಿ ಬರೆಯುತ್ತಿದ್ದೇನೆ, ಹೆಚ್ಚುಕಮ್ಮಿ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಷ್ಟು ಸಂತೋಷದ ದಿನ ನಾನು ಹಿತ್ತಿಲ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದನ್ನು ಸೊಸೆ ನೋಡಿದಳು. ಸಂತೋಷಕ್ಕೆ ಅಳುತ್ತಿದ್ದೇನೆ ಅಂದುಕೊಂಡಳು. ಅದೂ ಹೌದು. ಆದರೆ ಅಲ್ಲಿ ಮೊಳೆಗೆ ಒಂದು ಚರ್ಮದ ಬೆಲ್ಟು ನೇತಾಡುತ್ತಿತ್ತು. ನನ್ನ ಮಗನ ಹಳೆಯ ಬೆಲ್ಟು. ಅದಕ್ಕೆ ಸೈಕಲ್ ಚೈನಿನ ಎಣ್ಣೆ ಮೆತ್ತಿಕೊಂಡು, ಚರ್ಮದ ವಾಸನೆಯೂ ಎಣ್ಣೆಯ ವಾಸನೆಯೂ ಒಂದಾಗಿ... ಆ ವಾಸನೆ ಹಳೇಬೀಡಿನ ಒಬ್ಬರನ್ನು ತಂದು ನನ್ನೆದುರು ನಿಲ್ಲಿಸಿತು.

ಬೆಲ್ಟಿಗೂ ಸೈಕಲ್ಲಿಗೂ ಏನು ಸಂಬಂಧ ಅಂತ ಹೇಳುತ್ತೇನೆ. ಸಿಂಧುವಿನ ಸೈಕಲ್ಲಿಗೆ ಪವರ್ ಮೀಟರ್ ಅಂತ ಒಂದಿದೆ. ಪೆಡಲ್ ಹಿಡಿದುಕೊಂಡಿರುವ ತೋಳಿನ ಒಳಗಡೆ ಅಂಟಿಸಿರುತ್ತಾರಂತೆ. ಕಾಲು ತುಳಿದಾಗ ಆ ತೋಳು ಕಣ್ಣಿಗೆ ಕಾಣದಷ್ಟು ಬಾಗುತ್ತದಂತೆ. ಎಷ್ಟು ಬಾಗಿತು ಅನ್ನುವುದರ ಮೇಲೆ ತುಳಿದವರ ಬಲ ಎಷ್ಟು ಅಂತ ಹ್ಯಾಂಡಲ್ ಮೇಲಿನ ಪುಟ್ಟ ಪರದೆಯಲ್ಲಿ ಅಂಕಿ ಬರುತ್ತದೆ. ಕೆಲವು ತಿಂಗಳ ಹಿಂದೆ ಆ ಅಂಕಿ ದಿನೇ ದಿನೇ ಏರತೊಡಗಿತು. ನನ್ನ ಮಗ ಕುಣಿದಾಡಿದ. ಸಿಂಧು ಮಾತ್ರ ಮುಖ ಗಂಟು ಹಾಕಿಕೊಂಡಳು.

"ಇದು ಸುಳ್ಳು ಹೇಳ್ತಿದೆ ಅಜ್ಜಿ. ಅದೇ ಏರು, ಅಷ್ಟೇ ಹೊತ್ತು ಹಿಡೀತಿದೆ, ಉಸಿರೂ ಮೊದಲಿನ ಹಂಗೇ ಕಟ್ತಿದೆ. ಅಂಕಿ ಒಂದೇ ಹೆಂಗೆ ಜಾಸ್ತಿ ಆಗುತ್ತೆ?"

ಆಮೇಲೆ ಮೂಲೆ ಅಂಗಡಿಯಿಂದ ಸರ್ಕಾರದ ಮುದ್ರೆ ಇರುವ ಕಬ್ಬಿಣದ ತೂಕದ ಕಲ್ಲು ಕೇಳಿ ತಂದಳು. ಹಿತ್ತಿಲಲ್ಲಿ ಸೈಕಲ್ಲನ್ನು ಅಲುಗಾಡದ ಹಾಗೆ ನಿಲ್ಲಿಸಿ, ಮೊದಲು ಪೆಡಲ್ ಮೇಲೆ ಏನೂ ಇಡದೆ ಮೀಟರನ್ನು ಸೊನ್ನೆಗೆ ತಂದಳು. ಆಮೇಲೆ ಅಪ್ಪನ ಬೆಲ್ಟಿನಲ್ಲಿ ಆ ಕಲ್ಲನ್ನು ಕಟ್ಟಿ ಪೆಡಲ್ಲಿಗೆ ತೂಗುಬಿಟ್ಟಳು. ಕಲ್ಲಿನ ತೂಕಕ್ಕಿಂತ ಮೀಟರು ಹೆಚ್ಚು ಹೇಳುತ್ತಿತ್ತು. ಅದನ್ನು ಸರಿಮಾಡಿದ ಮೇಲೆ ಸಿಂಧುವಿನ ಅಂಕಿ ಇಳಿಯಿತು. ನನ್ನ ಮಗನ ಮುಖವೂ ಇಳಿಯಿತು. ಅವಳು ಮಾತ್ರ ನಿರಾಳವಾಗಿ ಕೈ ಒರೆಸಿಕೊಂಡು, "ಕಲ್ಲಿಗೆ ಕಾಯಿಲೆ ಬರಲ್ಲ ಅಜ್ಜಿ, ಅದಕ್ಕೆ ನಂಬಬಹುದು" ಅಂತ ನಕ್ಕಳು.

ನನಗೆ ನಗು ಬರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಯಜಮಾನರು ಇದೇ ಅರಸೀಕೆರೆಯಲ್ಲಿ ರೈಲ್ವೆ ಹಳಿಯ ಕೆಲಸದಲ್ಲಿದ್ದರು, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ನಾನು, ನಮ್ಮತ್ತೆ, ಮಗ ಬಸ್ತಿಹಳ್ಳಿಯ ಆಚೆಗಿದ್ದ ನಮ್ಮ ಮನೆಯಲ್ಲಿ. ಬಾವಿ ಪಕ್ಕದ ತುಂಡು ನೆಲದಲ್ಲಿ ಸೊಪ್ಪು ಬೆಳೆದು ಬುಟ್ಟಿಯಲ್ಲಿ ಹೊತ್ತುಕೊಂಡು ಹಳೇಬೀಡಿಗೆ ಹೋಗುತ್ತಿದ್ದೆ. ಸೊಪ್ಪಿನ ವ್ಯಾಪಾರ ಅಂದರೆ ಬಿಸಿಲಿನ ಜೊತೆ ಪಂದ್ಯ. ದಂಟು ಸ್ವಲ್ಪ ತಡೆಯುತ್ತದೆ, ಸಬ್ಬಸಿಗೆ ತಡೆಯುವುದಿಲ್ಲ. ಬಿಸಿಲು ಏರಿದರೆ ಕೊಳ್ಳುವವರು ಎರಡು ಬೆರಳಲ್ಲಿ ಎತ್ತಿ ನೋಡಿ ಹಾಗೇ ಇಟ್ಟುಬಿಡುತ್ತಾರೆ. ಅದಕ್ಕೇ ಸೈಕಲ್ ಕಲಿಯಬೇಕು ಅಂತ ಹಟ ಬಂತು.

ಕಲಿಸಿದವರು ಹಳೇಬೀಡಿನ ಸೈಕಲ್ ಅಂಗಡಿಯವರು, ಆಗಲೇ ಹೇಳಿದೆನಲ್ಲ, ಅವರೇ. ನಾನು ಅಣ್ಣ ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ ಅನ್ನುತ್ತಿದ್ದೆ. ಬಸ್ ನಿಲ್ಲುವ ಜಾಗದಿಂದ ಕೆರೆಯ ಕಡೆಗೆ ತಿರುಗುವಲ್ಲಿ ಅಂಗಡಿ, ಹಿಂದೆಯೇ ಮನೆ. ಸೀರೆ ಉಟ್ಟ ಹೆಂಗಸು ಸೈಕಲ್ ಹತ್ತಿದಳು ಅಂತ ಬೀದಿಯವರು ನಿಂತು ನೋಡಿದಾಗ ಅಣ್ಣ, "ಏನ್ಲಾ ನೋಡ್ತೀರ? ದೇವಸ್ಥಾನದ ಗೋಡೆ ಮೇಲೆ ಹೆಂಗಸ್ರು ಬೇಟೆ ಆಡ್ತಾ ನಿಂತವ್ರೆ, ಅದನ್ನ ನೋಡೋಕೆ ಪರದೇಶದಿಂದ ಜನ ಬತ್ತಾರೆ. ನಮ್ಮ ತಂಗ್ಯವ್ವ ಸೈಕಲ್ ತುಳಿದ್ರೆ ನಿಮ್ಗೇನ್ಲಾ?" ಅಂತ ಗದರಿಸಿದ್ದರು. ಕಟ್ಟುಮಸ್ತಾದ ಆಳು. ಬೋಲ್ಟು ಬಿಗಿದರೆ ಇನ್ನೊಬ್ಬರಿಗೆ ಬಿಚ್ಚಲು ಬರುತ್ತಿರಲಿಲ್ಲ.

ಅವರ ಅಂಗಡಿಯಲ್ಲಿ ಬೇರೆಲ್ಲೂ ಇಲ್ಲದ ಒಂದು ಯಂತ್ರವಿತ್ತು. ಅವರೇ ಮಾಡಿದ್ದು. ಒಂದು ಹಳೆಯ ಸೈಕಲ್ಲನ್ನು ಮರದ ದಿಮ್ಮಿಗಳ ನಡುವೆ ನಿಲ್ಲಿಸಿ, ಹಿಂದಿನ ಚಕ್ರ ನೆಲ ಮುಟ್ಟದ ಹಾಗೆ ಎತ್ತಿ ಕಟ್ಟಿದ್ದರು. ಚಕ್ರಕ್ಕೆ ಒಂದು ಡೈನಮೊ ಉಜ್ಜಿಕೊಂಡು ತಿರುಗುತ್ತಿತ್ತು. ಅದರಿಂದ ವೈರು ಎಳೆದು ಒಂದು ಮುಳ್ಳಿನ ಮೀಟರಿಗೆ ಕೊಟ್ಟಿದ್ದರು. ಸುಮ್ಮನೆ ಗಾಳಿಯಲ್ಲಿ ತಿರುಗುವ ಚಕ್ರವನ್ನು ಯಾರು ಬೇಕಾದರೂ ತುಳಿಯಬಹುದಲ್ಲ, ಅದಕ್ಕೇ ಚಕ್ರವನ್ನು ಹಿಡಿದೆಳೆಯಲು ಒಂದು ಅಗಲವಾದ ಚರ್ಮದ ಪಟ್ಟಿ ಸುತ್ತಿದ್ದರು. ಬೆಲ್ಟಿನ ಹಾಗೆ ಅದಕ್ಕೆ ಬಕಲ್, ಸಾಲಾಗಿ ತೂತು. ಪಟ್ಟಿ ಬಿಗಿದಷ್ಟೂ ತುಳಿಯುವುದು ಕಷ್ಟ. ಬಲವಿದ್ದವರು ತುಳಿದರೆ ಮುಳ್ಳು ಏಳುತ್ತಿತ್ತು, ಇಲ್ಲದವರು ತುಳಿದರೆ ಮಲಗಿರುತ್ತಿತ್ತು.

ಅದು ಆಟಕ್ಕೆ ಮಾಡಿದ್ದಲ್ಲ. ಸೈಕಲ್ಲಿನ ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲುಚಕ್ರ ಹಾಕಿದರೆ ತುಳಿಯುವುದು ಹಗುರ, ಸಾಗುವುದು ನಿಧಾನ. ಚಿಕ್ಕದು ಹಾಕಿದರೆ ಬೇಗ ಸಾಗುತ್ತದೆ, ಆದರೆ ಕಾಲಿಗೆ ಭಾರ. ಯಾರ ಕಾಲಿಗೆ ಯಾವುದು ತಕ್ಕದ್ದು ಅಂತ ಮುಳ್ಳು ನೋಡಿ ಹಾಕಿಕೊಡುತ್ತಿದ್ದರು. ಎಳನೀರು ಹೊರುವವರು, ಹಾಲಿನ ಕ್ಯಾನು ಕಟ್ಟುವವರು, ನನ್ನಂಥ ಸೊಪ್ಪಿನವಳು, ಎಲ್ಲರೂ ಒಂದು ಸಲ ಅದನ್ನು ಹತ್ತಿಳಿದವರೇ.

ಮೀಟರಿನ ಮೇಲೆ ಒಂದು ಕೆಂಪು ಗೆರೆ ಇತ್ತು. ಅದು ಅಣ್ಣನ ಗೆರೆ. ದಿನಾ ಬೆಳಗ್ಗೆ ಅಂಗಡಿ ಮುಂದೆ ನೀರು ಹಾಕಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಮೊದಲು ಅವರೇ ಹತ್ತಿ ತುಳಿಯುತ್ತಿದ್ದರು. ಅವರು ತಮ್ಮ ಪೂರ್ತಿ ಬಲದಿಂದ ತುಳಿದಾಗ ಮುಳ್ಳು ಸರಿಯಾಗಿ ಕೆಂಪು ಗೆರೆ ಮುಟ್ಟಬೇಕು. ಮುಟ್ಟಿದರೆ ಯಂತ್ರ ಸರಿಯಿದೆ ಅಂತ. ಮುಟ್ಟದಿದ್ದರೆ ಪಟ್ಟಿ ಬಿಗಿದುಕೊಂಡಿದೆ ಅಂತ ಸಡಿಲಿಸುತ್ತಿದ್ದರು, ದಾಟಿದರೆ ಪಟ್ಟಿ ಜಗ್ಗಿದೆ ಅಂತ ಬಿಗಿಯುತ್ತಿದ್ದರು. ಚರ್ಮ ಮಳೆಗಾಲಕ್ಕೆ ಒಂದು ಥರ, ಬೇಸಿಗೆಗೆ ಒಂದು ಥರ. ಅಂಗಡಿಯವರ ತಕ್ಕಡಿಗೆ ಕಲ್ಲಿದ್ದ ಹಾಗೆ ಆ ಯಂತ್ರಕ್ಕೆ ಅಣ್ಣನ ಕಾಲೇ ಕಲ್ಲು.

ಯಂತ್ರ ಹೊಸದಾದಾಗ ನಮ್ಮತ್ತೆ ಒಂದು ದಿನ ನನ್ನ ಜೊತೆ ಬಂದು ತಾನೂ ತುಳಿಯುತ್ತೇನೆ ಅಂತ ಹತ್ತಿದ್ದರು. ಮಂಡಿನೋವಿನ ಮುದುಕಿ. ಸೀರೆ ಎತ್ತಿಕಟ್ಟಿ, ಹಲ್ಲು ಕಚ್ಚಿ ತುಳಿದರೂ ಮುಳ್ಳು ಒಂದು ಸಲ ನಡುಗಿ ಸುಮ್ಮನಾಯಿತು. "ಯಾಕ್ಲಾ, ನಿನ್ನ ಮುಳ್ಳು ನಿದ್ದೆ ಹೊಡೀತೈತಾ?" ಅಂತ ಅತ್ತೆ ಗದರಿದರು. "ಎಬ್ಬಿಸೋರು ಗಟ್ಟಿ ಇರ್ಬೇಕು ಕಣವ್ವೋ" ಅಂದರು ಅಣ್ಣ. ನಕ್ಕು ನಕ್ಕು ಎಲ್ಲರಿಗೂ ಸಾಕಾಯಿತು.

ನನ್ನ ಮುಳ್ಳು ಆಗ ಕೆಂಪು ಗೆರೆಗೆ ಬಹಳ ಕೆಳಗೇ ನಿಲ್ಲುತ್ತಿತ್ತು. ಅಣ್ಣ ದೊಡ್ಡ ಹಲ್ಲುಚಕ್ರ ಹಾಕಿಕೊಟ್ಟು, "ಹಳೇಬೀಡಿಗೆ ಇಷ್ಟು ಸಾಕು ತಂಗ್ಯವ್ವ. ಮುಳ್ಳು ಕೆಂಪು ಗೆರೆ ಮುಟ್ಟಿದ ದಿನ ಚಿಕ್ಕದು ಹಾಕ್ಕೊಡ್ತೀನಿ, ಹಗರೆಗೂ ಹೋಗಿ ಬರುವಂತೆ" ಅಂದರು. ಹಗರೆಯಲ್ಲಿ ಮುಖ್ಯರಸ್ತೆ, ಬಸ್ಸುಗಳು ನಿಲ್ಲುತ್ತವೆ, ಸೊಪ್ಪಿಗೆ ಗಿರಾಕಿ ಹೆಚ್ಚು. ಅಂದಿನಿಂದ ನನಗೆ ಆ ಗೆರೆಯೇ ಕನಸು. ವ್ಯಾಪಾರ ಮುಗಿಸಿ ಬರುವಾಗೆಲ್ಲ ಹತ್ತಿ ಒಂದು ಸಲ ತುಳಿದು ನೋಡುತ್ತಿದ್ದೆ.

ಮುಳ್ಳು ಏರತೊಡಗಿತು... ಒಂದು ಬೇಸಿಗೆ ಕಳೆದು ಮಳೆ ಬರುವ ಹೊತ್ತಿಗೆ ಗೆರೆಯ ಹತ್ತಿರ ಬಂತು. ನನ್ನದೊಂದೇ ಅಲ್ಲ, ಎಲ್ಲರದೂ. ಎಳನೀರಿನವರದು ಗೆರೆ ದಾಟಿತು. ಅಣ್ಣನ ಸಂತೋಷಕ್ಕೆ ಪಾರವಿಲ್ಲ. "ಊರಿಗೆ ಊರೇ ಗಟ್ಟಿ ಆಗ್ತಾ ಐತೆ ಕಣವ್ವ. ಸೈಕಲ್ ತುಳಿಯೋದ್ರ ಮಹಿಮೆ!" ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ಅದೇ ದಿನಗಳಲ್ಲಿ ಪಟ್ಟಿಯನ್ನು ಮಾತ್ರ ಬೈಯುತ್ತಿದ್ದರು. "ಈ ಚರ್ಮ ಯಾಕೋ ಬಿಗೀತಾನೇ ಐತೆ, ನೋಡು." ದಬ್ಬಳ ತೆಗೆದುಕೊಂಡು ಹೊಸ ತೂತು ಕೊರೆದು ಇನ್ನಷ್ಟು ಸಡಿಲ ಬಿಡುತ್ತಿದ್ದರು. ಬೆಳಗಿನ ಹೊತ್ತು ತುಳಿದು ಇಳಿದ ಮೇಲೆ ದಿಮ್ಮಿ ಹಿಡಿದುಕೊಂಡು ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೆ. ಯಂತ್ರ ನೋಡುತ್ತಾ ನಿಂತಿದ್ದಾರೆ ಅಂದುಕೊಂಡಿದ್ದೆ.

ಕೊನೆಗೊಂದು ದಿನ ನನ್ನ ಮುಳ್ಳು ಕೆಂಪು ಗೆರೆ ಮುಟ್ಟಿತು. ನಾನು ಚಪ್ಪಾಳೆ ಹೊಡೆಯಲು ಹೋಗಿ ಬೀಳುವುದರಲ್ಲಿದ್ದೆ. ಅಣ್ಣ ಆಗಲೇ ಚಿಕ್ಕ ಹಲ್ಲುಚಕ್ರ ಹಾಕಿಕೊಟ್ಟರು. ಬೋಲ್ಟು ಬಿಗಿಯುವಾಗ ಎರಡು ಸಲ ಉಸಿರು ತೆಗೆದುಕೊಂಡರು. ಮಾರನೆಯ ದಿನ ಬುಟ್ಟಿ ತುಂಬ ಸಬ್ಬಸಿಗೆ, ಮೆಂತ್ಯ ಕಟ್ಟಿಕೊಂಡು ಹಗರೆಗೆ ಹೊರಟೆ. ಹೋಗುತ್ತೇನೆ, ಹೋಗುತ್ತೇನೆ, ಸೈಕಲ್ ಮುಂದಕ್ಕೆ ಬರುವುದಿಲ್ಲ! ಸಣ್ಣ ಏರಿಗೂ ಇಳಿದು ತಳ್ಳಬೇಕು. ತೊಡೆ ಕಲ್ಲಾಯಿತು. ಹಗರೆ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು, ಸೊಪ್ಪು ಬಾಡಿ ಬುಟ್ಟಿಯ ತಳಕ್ಕೆ ಕೂತಿತ್ತು. ವಾಪಸು ಬರುವಾಗ ಅದನ್ನು ಯಾರದೋ ಎಮ್ಮೆಯ ಮುಂದೆ ಸುರಿದು ಬಂದೆ.

"ಎದುರುಗಾಳಿ ಇತ್ತೇನೋ ಕಣವ್ವ" ಅಂದರು ಅಣ್ಣ. "ಮುಳ್ಳು ಸುಳ್ಳು ಹೇಳಲ್ಲ."

ಎಲೆ ಅಲುಗಾಡದ ದಿನ ಅದು. ಆದರೂ ನನ್ನ ಕಾಲಿಗಿಂತ ನನಗೆ ಆ ಮುಳ್ಳಿನ ಮೇಲೇ ನಂಬಿಕೆ. ಕಡಿಮೆ ತೋರಿಸಿದ್ದರೆ ನೂರು ಅನುಮಾನ ಬರುತ್ತಿತ್ತು. ಹೆಚ್ಚು ತೋರಿಸಿದಾಗ ಯಾರು ತಾನೆ ಅನುಮಾನ ಪಡುತ್ತಾರೆ, ಹೇಳಿ?

ನಿಜ ಹೊರಬಂದದ್ದು ನಮ್ಮತ್ತೆಯಿಂದ. ದಸರಾ ಹತ್ತಿರ ಬಂದಿತ್ತು. ಅತ್ತೆ ನನ್ನ ಜೊತೆ ಹಳೇಬೀಡಿಗೆ ಬಂದವರು, "ಊರೋರೆಲ್ಲಾ ಗಟ್ಟಿ ಆಗವ್ರಂತೆ, ನಾನೂ ನೋಡ್ತೀನಿ ತಡಿ" ಅಂತ ಮತ್ತೆ ಆ ಯಂತ್ರ ಹತ್ತಿದರು. ನಾಲ್ಕಾರು ಜನ ಸೇರಿದರು. ಅತ್ತೆ ತುಳಿದರು. ಮುಳ್ಳು ಮೆಲ್ಲಗೆ ಎದ್ದಿತು; ಏರಿತು; ಕೆಂಪು ಗೆರೆಯ ಹತ್ತಿರ ಹೋಗಿ ನಿಂತಿತು. ಎಲ್ಲರೂ ಹೋ ಅಂತ ಕೂಗಿದರು. "ನೋಡಿದೇನ್ಲಾ, ಎಬ್ಬಿಸ್ದೆ!" ಅಂದರು ಅತ್ತೆ. ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕು, ನಗುತ್ತಲೇ ಕೆಮ್ಮಿದರು.

ಕಾಫಿ ಲೋಟ ಹಿಡಿದು ಬಂದ ಅಕ್ಕ ನಗಲಿಲ್ಲ. "ಅವ್ವಾ, ಮಂಡಿ ವಾಸಿ ಆಯ್ತಾ?" ಅಂತ ಕೇಳಿದರು.

"ಎಲ್ಲಿ ವಾಸಿ ಮಗಳೇ, ಬೆಳಗ್ಗೆ ಗೋಡೆ ಹಿಡ್ಕಂಡು ಏಳ್ತೀನಿ."

ಅಕ್ಕ ಲೋಟಗಳನ್ನು ನೆಲದ ಮೇಲಿಟ್ಟು ಯಂತ್ರದ ಹಿಂದೆ ಹೋಗಿ ಬಗ್ಗಿದರು. ಪಟ್ಟಿಯ ಮೇಲೆ ಬೆರಳಾಡಿಸಿದರು. ಮೊದಮೊದಲು ಬಕಲ್ ಕೂರುತ್ತಿದ್ದ ತೂತು ಸವೆದು ಅಗಲವಾಗಿತ್ತು. ಅಲ್ಲಿಂದ ಈಚೆಗೆ ದಬ್ಬಳದಿಂದ ಕೊರೆದ ಹೊಸ ತೂತುಗಳು, ಒಂದರ ಪಕ್ಕ ಒಂದು, ಎಲ್ಲವೂ ಸಡಿಲದ ಕಡೆಗೆ... ಅಕ್ಕ ಬಕಲ್ ಬಿಚ್ಚಿ, ಎಳೆದು, ಆ ಹಳೆಯ ತೂತಿಗೇ ಸಿಕ್ಕಿಸಿದರು.

"ತುಳೀರಿ" ಅಂದರು.

"ಏ, ಈಗ್ಯಾಕೆ..."

"ತುಳೀರಿ ಅಂದೆ."

ಅಣ್ಣ ಹತ್ತಿದರು. ಮುಳ್ಳು ಎದ್ದಿತು, ಅರ್ಧದಾರಿಗೆ ನಿಂತಿತು. ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡರು. ಇನ್ನೊಂದು ಸಲ ಎದ್ದು ನಿಂತು ಮೈಭಾರ ಹಾಕಿ ತುಳಿದರು. ಮುಳ್ಳು ಏರುವ ಬದಲು ಇಳಿಯಿತು. ಸುತ್ತ ನಿಂತವರ ನಗು ನಿಂತುಹೋಗಿತ್ತು. ಅಣ್ಣ ಬೆವರು ಒರೆಸಿಕೊಂಡು, "ಚರ್ಮ ಹಳೇದಾಯ್ತು, ಬೇರೆ ಹಾಕ್ಬೇಕು" ಅಂದರು.

"ಚರ್ಮ ಅಲ್ಲ ಕಣ್ರೀ" ಅಂದರು ಅಕ್ಕ. ಅಷ್ಟೇ. ಕಾಫಿ ಯಾರೂ ಕುಡಿಯಲಿಲ್ಲ.

ಹಾಸನದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಹೃದಯ ಸೊರಗಿದೆ, ಇದು ಇವತ್ತಿನದಲ್ಲ, ತಿಂಗಳುಗಳಿಂದ ಇದೆ, ಮೊದಲೇ ಬರಬೇಕಿತ್ತು ಅಂದರಂತೆ ಡಾಕ್ಟರು. ಅಕ್ಕ ನನ್ನ ಕೈ ಹಿಡಿದುಕೊಂಡು ಹೇಳಿಕೊಂಡರು: "ಊಟಕ್ಕೆ ಕೂತ್ರೆ ಅರ್ಧ ಮುದ್ದೆ ಬಿಡೋರು. ಯಾಕ್ರೀ ಅಂದ್ರೆ, ನೀನು ಈಚೀಚೆಗೆ ಮುದ್ದೆ ದೊಡ್ಡದು ಕಟ್ತೀಯ ಅನ್ನೋರು. ನಾನೂ ಇರಬಹುದು ಅಂತ ಚಿಕ್ಕದು ಕಟ್ತಾ ಬಂದೆ ಕಣೇ. ದಿನದಿನಾ ಚಿಕ್ಕದು..." ಅಕ್ಕನ ಮುದ್ದೆಯೂ ಅಣ್ಣನ ಪಟ್ಟಿಯೂ ಒಂದೇ ದಾರಿ ಹಿಡಿದಿದ್ದವು. ಊರು ಗಟ್ಟಿಯಾಗಿರಲಿಲ್ಲ. ಊರನ್ನು ಅಳೆಯುತ್ತಿದ್ದ ಕಲ್ಲು ಕರಗುತ್ತಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಅಣ್ಣ ಅಂಗಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಅಂಗಿಯೊಳಗೆ ಅವರು ಎಲ್ಲಿದ್ದಾರೆ ಅಂತ ಹುಡುಕಬೇಕು, ಹಾಗಾಗಿದ್ದರು. ಒಂದು ಬೆಳಗ್ಗೆ ನನ್ನನ್ನು ಕರೆದು, "ಪಟ್ಟಿ ಹಳೇ ತೂತಿನಲ್ಲೇ ಐತೆ. ಒಂದು ಸಲ ತುಳಿ ತಂಗ್ಯವ್ವ" ಅಂದರು. ತುಳಿದೆ. ಮುಳ್ಳು ಗೆರೆಯ ಕೆಳಗೇ ನಿಂತಿತು, ಮೊದಲ ವರ್ಷಕ್ಕಿಂತ ಒಂದಿಷ್ಟೇ ಮೇಲೆ.

"ಇದು ನಿಂದು. ಬೇಜಾರು ಮಾಡ್ಕೋಬೇಡ. ಒಂದಿಷ್ಟು ಏರಿದ್ದೀಯ, ಅದು ನಿಜ ಏರಿರೋದು" ಅಂದರು. ಆಮೇಲೆ ಕುರ್ಚಿಯಲ್ಲೇ ಕೂತು ಹೇಳಿಕೊಡುತ್ತಾ ಹೋದರು, ಅಕ್ಕ ಪಾನಾ ಹಿಡಿದು ನನ್ನ ಸೈಕಲ್ಲಿಗೆ ದೊಡ್ಡ ಹಲ್ಲುಚಕ್ರವನ್ನು ಮತ್ತೆ ಹಾಕಿದರು. "ಹಂಗಲ್ಲ ಕಣೇ, ಈ ಕಡೆ... ಹ್ಞಾಂ, ನಿನ್ನ ಕೈ ಗಟ್ಟಿ ಐತೆ ಬಿಡು, ನನ್ನ ಕುತ್ತಿಗೆ ಹಿಡ್ದಿರೋ ಕೈ ಅಲ್ವಾ" ಅಂತ ತಮಾಷೆ ಮಾಡಿದರು. ಅಕ್ಕ ನಕ್ಕರು. ಕಣ್ಣು ಮಾತ್ರ ತಗ್ಗಿಸಿಕೊಂಡೇ ಇದ್ದರು.

ಮಾರನೆಯ ದಿನ ಕತ್ತಲಿದ್ದಾಗಲೇ ಹೊರಟು ಹಗರೆಗೆ ಹೋದೆ. ನಿಧಾನಕ್ಕೇ ಹೋದೆ, ಆದರೆ ಎಲ್ಲೂ ಇಳಿಯಲಿಲ್ಲ. ಬಸ್ಸಿನವರು, ಹಾಲಿನವರು ಬಂದು ಸೊಪ್ಪು ಕೊಂಡರು. ವಾಪಸು ಬಂದವಳು ಮನೆಗೂ ಹೋಗದೆ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದೆ.

"ಸೊಪ್ಪು ಬಾಡಿತ್ತಾ?"

"ಇಲ್ಲ ಅಣ್ಣ. ಸಬ್ಬಸಿಗೆ ಮೇಲೆ ಇಬ್ಬನಿ ಹಂಗೇ ಇತ್ತು."

ಅವರು ಕಣ್ಣು ಮುಚ್ಚಿಕೊಂಡು ಸುಮ್ಮನೆ ತಲೆಯಾಡಿಸಿದರು. ಆ ಮುಖದ ಮೇಲಿದ್ದುದನ್ನು ಬರೆಯಲು ನನಗೆ ಬರುವುದಿಲ್ಲ... ಸಂಕ್ರಾಂತಿಗೆ ಮುಂಚೆಯೇ ಹೋಗಿಬಿಟ್ಟರು. ಅಕ್ಕ ಅಂಗಡಿ ಮುಚ್ಚಿ ಗೆಂಡೆಹಳ್ಳಿಯ ತಮ್ಮನ ಮನೆಗೆ ಹೊರಟರು. ಯಂತ್ರ ಏನಾಯಿತೋ, ಪಟ್ಟಿ ಏನಾಯಿತೋ. ನಾವೂ ಕೆಲವು ವರ್ಷಕ್ಕೆ ಅರಸೀಕೆರೆಗೆ ಬಂದೆವು. ಅತ್ತೆ ಮಾತ್ರ ತಾವು ಇರುವ ತನಕ, "ನಾನು ಆ ಸೈಕಲ್ ನಾಲ್ಕಾರು ತಿಂಗಳು ಮುಂಚೇನೇ ಮತ್ತೆ ಹತ್ಬಾರ್ದಾಗಿತ್ತಾ" ಅನ್ನುತ್ತಿದ್ದರು.

ಇವತ್ತು ಮಧ್ಯಾಹ್ನ ಸಿಂಧು ನನ್ನನ್ನು ಬಲವಂತವಾಗಿ ತನ್ನ ಸೈಕಲ್ ಮೇಲೆ ಕೂರಿಸಿದಳು. ಹಿತ್ತಿಲಲ್ಲಿ ಅದನ್ನು ಸ್ಟ್ಯಾಂಡಿಗೆ ಬಿಗಿದಿದ್ದಳು. "ಸೊನ್ನೆ ಮಾಡಿದ್ದೀಯೇನೇ?" ಅಂತ ಕೇಳಿದೆ. "ನೀನು ನಮ್ಮ ಕೋಚ್‌ಗಿಂತ ಜೋರು ಕಣಜ್ಜಿ" ಅಂತ ನಕ್ಕಳು. ತುಳಿದೆ. ಪರದೆಯ ಮೇಲೆ ಬಂದ ಅಂಕಿ ಬಲು ಚಿಕ್ಕದು. "ಇಷ್ಟೇನಾ?" ಅಂದೆ. "ಇಷ್ಟೇ ಅಜ್ಜಿ" ಅಂದಳು. ಅವಳು ಸಮಾಧಾನದ ಮಾತು ಹುಡುಕುತ್ತಿದ್ದಳು. ನನಗೆ ಮಾತ್ರ ಆ ಚಿಕ್ಕ ಅಂಕಿಯನ್ನು ನೋಡಿ ಏನೋ ನೆಮ್ಮದಿ. ನನ್ನ ವಯಸ್ಸನ್ನು ಅದು ನನ್ನಿಂದ ಮುಚ್ಚಿಡಲಿಲ್ಲ. ಅಣ್ಣನಿಗೂ ಹೀಗೆ ಯಾವುದಾದರೂ ಒಂದು ಸಮಯಕ್ಕೆ ಸರಿಯಾಗಿ, ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರೆ...

ಸಾಯಂಕಾಲ ಅಡುಗೆ ನಾನೇ ಮಾಡಿದೆ. ಕೋಳಿ ಸಾರು, ಮುದ್ದೆ, ಅವರೆಕಾಳಿನ ಪಲ್ಯ, ಶಾವಿಗೆ ಪಾಯಸ. ಮುದ್ದೆ ಕಟ್ಟುವಾಗ ನನ್ನದೊಂದು ಅಭ್ಯಾಸವಿದೆ; ಮನೆಯವರೆಲ್ಲ ಗೇಲಿ ಮಾಡುತ್ತಾರೆ. ಹಿಟ್ಟನ್ನು ಒಂದು ಹಿತ್ತಾಳೆ ಬಟ್ಟಲಿಗೆ ತುಂಬಿ, ಅಳೆದೇ ಕಟ್ಟುತ್ತೇನೆ. ಹಳೇಬೀಡು ಬಿಟ್ಟಾಗಿನಿಂದ ಅದೇ ಬಟ್ಟಲು. ಯಾರಾದರೂ ಅರ್ಧ ಬಿಟ್ಟರೆ ಮುದ್ದೆ ದೊಡ್ಡದಾಯಿತು ಅನ್ನುವ ಹಾಗಿಲ್ಲ.

ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕೂತರು. ಮೂಲೆಗಳಲ್ಲಿ ಬೆಳಗಿನ ಅವರೆಕಾಳು ಇನ್ನೂ ಅಲ್ಲೊಂದು ಇಲ್ಲೊಂದು ಬಿದ್ದಿದ್ದವು. ನನ್ನ ಮಗ ಮುದ್ದೆ ಮುರಿದು ಅರ್ಧವನ್ನು ಪಕ್ಕಕ್ಕೆ ಸರಿಸಿದ. ನನ್ನ ಕೈ ಸೌಟಿನಲ್ಲೇ ನಿಂತಿತು.

"ಯಾಕ್ಲಾ?"

"ಆಫೀಸಲ್ಲಿ ಎಲ್ಲರಿಗೂ ಸ್ವೀಟ್ ಹಂಚಿ, ಉಳಿದಿದ್ದೆಲ್ಲ ನಾನೇ ತಿಂದೆ ಕಣವ್ವ. ಅದನ್ನೇ ನೋಡ್ತಾ ನಿಂತ್ಕೋಬೇಡ, ನಾಳೆ ಬೆಳಗ್ಗೆ ಎರಡು ತಿಂತೀನಿ" ಅಂತ ನಕ್ಕ.

"ನಾಳೆ ನೋಡ್ತೀನಿ" ಅಂದೆ. ನೋಡಿಯೇ ನೋಡುತ್ತೇನೆ.

ಸಿಂಧು ತಟ್ಟೆಯನ್ನು ಬೆರಳಲ್ಲಿ ಬಳಿದು ನನ್ನ ಕಡೆ ಚಾಚಿದಳು. "ಅಜ್ಜಿ, ಇನ್ನೊಂದು." ನಾನು ಬಟ್ಟಲು ತೆಗೆದುಕೊಂಡು, ಅಂಚಿನವರೆಗೂ ತುಂಬಿ, ಕಟ್ಟಿ, ಅವಳ ತಟ್ಟೆಗೆ ಇಟ್ಟೆ.